ಎರಡು ಜೇಬಿನ ಅಂಗಿ

“ಇಂಥ ಲಕ್ಷಣವಾದ ಹುಡುಗನ್ನ ಯಾವ ತಾಯಿ ಹೆತ್ಲಪ್ಪಾ?”

ಮುದ್ದಮ್ಮ ಇದನ್ನು ಯಾರನ್ನೂ ಕೇಳಲಿಲ್ಲ. ಅವರ ಕೈಯಲ್ಲಿ ಸೊಸೆಯ ಮೊಬೈಲು ಇತ್ತು. ಅದರಲ್ಲಿ ಒಬ್ಬ ಹುಡುಗ ಎಳೆಬಿಸಿಲಿಗೆ ಮುಖ ಕೊಟ್ಟು ನಗುತ್ತಾ ನಿಂತಿದ್ದ. ಅವನು ತೊಟ್ಟಿದ್ದು ಮುದ್ದಮ್ಮ ತಾವೇ ಹೊಲಿದ ಎಲೆಹಸಿರು ಅಂಗಿ.

ಒಳಗಿದ್ದ ಸೊಸೆ ಭಾನುಪ್ರಿಯಾ ನಕ್ಕಳು. “ಯಾವ ತಾಯೀನೂ ಹೆತ್ತಿಲ್ಲ ಅತ್ತೆ. ಅದು ಎಐ. ನಮ್ಮ ಅಂಗಿ ಫೋಟೋ ಕೊಟ್ರೆ ಅದೇ ಒಬ್ಬ ಮನುಷ್ಯನ್ನ ಮಾಡಿ ತೊಡಿಸ್ಬುಡುತ್ತೆ.”

“ಅಂಗಾದ್ರೆ ಇಂಥೋನು ಒಬ್ಬ ಇಲ್ವೇ ಇಲ್ಲ ಅನ್ನು.”

“ಇಲ್ಲ.”

“ತೊಟ್ಟೋನೇ ಇಲ್ಲ ಅಂದ್ಮೇಲೆ, ತೊಟ್ಟಿರೋದು ನಮ್ಮಂಗೀನೇ ಅಂತ ಎಂಗೆ ಹೇಳ್ತೀಯವ್ವ?”

“ನಿಮ್ಮ ಮಗನ್ನ ನಿಲ್ಸಿದ್ವಲ್ಲ, ಏನಾಯ್ತು ನೋಡುದ್ರಲ್ಲ!”

ಅದೂ ನಿಜ. ಕೆಸರೆ ಬಡಾವಣೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಅತ್ತೆ ಸೊಸೆ ಸೇರಿ ಅಂಗಿ ಹೊಲಿಯುತ್ತಾರೆ, ಮೊಬೈಲಿನಲ್ಲಿ ಮಾರುತ್ತಾರೆ. ಹ್ಯಾಂಗರಿಗೆ ಹಾಕಿ ತೆಗೆದ ಫೋಟೋ ಒಗೆದು ಒಣಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಆಟೋ ಓಡಿಸುವ ಮಗ ಸಿದ್ದು ಹೆಂಡತಿಯ ಮಾತಿಗೆ ಒಮ್ಮೆ ಅಂಗಿ ತೊಟ್ಟು ನಿಂತ. ಎಲ್ಲ ಫೋಟೋದಲ್ಲೂ ಕಣ್ಣು ಮುಚ್ಚಿತ್ತು, ಹೊಟ್ಟೆಯ ಮೇಲಿನ ಗುಂಡಿ ಈಗಲೋ ಆಗಲೋ ಎನ್ನುವಂತಿತ್ತು. ಒಬ್ಬರೂ ಕೊಳ್ಳಲಿಲ್ಲ. ದುಡ್ಡು ಕೊಟ್ಟು ಮಾಡೆಲನ್ನು ಕರೆಸುವ ಶಕ್ತಿ ಅವರಿಗೆಲ್ಲಿಯದು?

ಎಐ ಹುಡುಗ ಬಂದ ಮೇಲೆ ಅಂಗಿಗಳು ಹೋಗತೊಡಗಿದವು. ಮನೆಯಲ್ಲಿ ನಗು ಬಂತು. ಚಿತ್ರ ಬಂದಾಗಲೆಲ್ಲ ಎಲ್ಲರೂ ನೋಡಿದ್ದು ಹುಡುಗನ ಮುಖವನ್ನು. ಅಂಗಿಯನ್ನು ಯಾರೂ ನೋಡಲಿಲ್ಲ. ಅದು ತಮ್ಮದೇ ಅಲ್ಲವೇ, ನೋಡುವುದೇನಿದೆ?

ಮಹಾಲಯ ಅಮಾವಾಸ್ಯೆಗೆ ಇನ್ನೊಂದು ದಿನ ಇತ್ತು. ಆ ಮಧ್ಯಾಹ್ನ ಒಬ್ಬ ಹಿರಿಯ ಹೆಂಗಸು ವಿಳಾಸ ಕೇಳಿಕೊಂಡು ಬಾಗಿಲಿಗೆ ಬಂದರು. ಹೆಸರು ಕೆಂಚಮ್ಮ. ಊರಿನ ಇನ್ನೊಂದು ಕೊನೆಯ ಶ್ರೀರಾಂಪುರದಿಂದ ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಎಲೆಹಸಿರು ಅಂಗಿಯ ಪೊಟ್ಟಣ.

“ಇದ್ರಲ್ಲಿ ಒಂದೇ ಜೇಬದೆ ಕಣವ್ವ. ಫೋಟೋದಲ್ಲಿ ಎರಡಿತ್ತು.”

ಭಾನುಪ್ರಿಯಾ ಮೊಬೈಲು ತೆಗೆದು ನೋಡಿದಳು. ಹೌದು. ಹುಡುಗನ ಎದೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಜೇಬು. ಮುದ್ದಮ್ಮ ಹೊಲಿದದ್ದು ಎಡಗಡೆ ಒಂದೇ. ಎಐ ತಾನಾಗಿಯೇ ಇನ್ನೊಂದನ್ನು ಅಂಟಿಸಿತ್ತು.

“ತಪ್ಪಾಯ್ತಮ್ಮ. ಅಂಗಿ ಕೊಟ್ಬುಡಿ, ದುಡ್ಡು ವಾಪಸ್ ಮಾಡ್ತೀನಿ.”

“ದುಡ್ಡು ಇಟ್ಕೊಂಡು ನಾನೇನ್ ಮಾಡ್ಲಿ? ನಾಳೆ ಎಡೆ ಇಡ್ಬೇಕು.”

ಹಿರಿಯರಿಗೆ ಎಡೆ ಇಡುವ ಮನೆಗಳ ಕ್ರಮ ನಿಮಗೂ ಗೊತ್ತು. ತೀರಿಹೋದವರು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದು ಎಲೆಯ ಮೇಲಕ್ಕೆ. ಏನನ್ನು ಇಷ್ಟಪಟ್ಟು ತೊಡುತ್ತಿದ್ದರೋ ಅದು ಎಲೆಯ ಪಕ್ಕಕ್ಕೆ. ಕೆಂಚಮ್ಮನ ಗಂಡ ಹೋದ ಮೇಲೆ ಇದೇ ಮೊದಲ ಎಡೆ.

“ಅವರು ಎರಡು ಜೇಬಿಲ್ದಿರೋ ಅಂಗಿ ತೊಟ್ಟೋರೇ ಅಲ್ಲ. ಒಂದ್ರಲ್ಲಿ ಕನ್ನಡಕ, ಒಂದ್ರಲ್ಲಿ ಎಲೆಅಡಿಕೆ. ಅಂಗಡಿ ಅಂಗಡಿ ಸುತ್ತಿದೆ. ‘ಎರಡು ಜೇಬು ಪೊಲೀಸ್ನೋರ ಅಂಗೀಲಿ ಇರ್ತದೆ ಅಜ್ಜಿ’ ಅಂತ ನಗ್ತವೆ ಹುಡುಗ್ರು. ನನ್ನ ಮೊಮ್ಮಗಳು ಮೊಬೈಲಲ್ಲಿ ನಿಮ್ಮಂಗಿ ತೋರ್ಸುದ್ಲು. ಅಯ್ಯೋ, ಇದೇ ಕಣೇ ಅಂದೆ.”

ಆಮೇಲೆ ಅವರು ಸ್ವಲ್ಪ ಮುಂದಕ್ಕೆ ಬಾಗಿ, ಮೆಲ್ಲಗೆ ಕೇಳಿದರು. “ಆ ಫೋಟೋದ ಹುಡುಗ ನಿಮ್ಮವನೇ ಏನವ್ವ? ಅವನು ತೊಟ್ಟಿದ್ನಲ್ಲ, ಅದನ್ನೇ ಕೊಟ್ಬುಡಿ. ಒಗ್ದಿದ್ರೂ ಪರವಾಗಿಲ್ಲ.”

ಭಾನುಪ್ರಿಯಾ ಮೊಬೈಲು ಕೆಳಗಿಟ್ಟಳು. ಅತ್ತೆಯ ಮುಖ ನೋಡಿದಳು.

“ಅಂಥ ಹುಡುಗನೇ ಇಲ್ಲಮ್ಮ. ಕಂಪ್ಯೂಟರ್ ಮಾಡಿರೋ ಚಿತ್ರ ಅದು.”

ಕೆಂಚಮ್ಮ ಅಂಗಿಯ ಆ ಒಂದೇ ಜೇಬಿನ ಮೇಲೆ ಕೈಯಾಡಿಸಿದರು. “ಹುಡುಗ ಸುಳ್ಳಾದ್ರೆ ಆಗ್ಲಿ,” ಎಂದರು. “ಜೇಬೂ ಸುಳ್ಳಾ?”

ಮುದ್ದಮ್ಮ ಎದ್ದು ತುಂಡುಬಟ್ಟೆಯ ಚೀಲ ಸುರಿದರು. ಆ ಹಸಿರಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಆಗ ಬೀರುವಿನಿಂದ ಅದೇ ಬಣ್ಣದ ಇನ್ನೊಂದು ಅಂಗಿ ತೆಗೆದರು. ಹೊಲಿದು, ಇಸ್ತ್ರಿ ಮಾಡಿ, ಮಡಿಸಿಟ್ಟಿದ್ದ ಅಂಗಿ. ಅದರ ಬೆನ್ನಿಗೆ ಕತ್ತರಿ ಹಾಕಿದರು.

“ಅಯ್ಯೋ, ಒಳ್ಳೆ ಅಂಗಿ ಕಣಮ್ಮ!” ಕೆಂಚಮ್ಮ ಕೈ ಅಡ್ಡ ತಂದರು.

“ಹೋಗ್ಲಿ ಬುಡಿ. ನಾಳೆ ನಿಮ್ಮ ಯಜಮಾನ್ರು ಬಂದು ಜೇಬಿಗೆ ತಡಕಾಡ್ಬಾರ್ದು.”

ಕೆಂಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದ್ದಮ್ಮ ಮಿಷನ್ ಮುಂದೆ ಕೂತು ಜೇಬು ಹೊಲಿದರು. ಜೇಬು ಕೂತ ಮೇಲೆ ಕೆಂಚಮ್ಮ ಅದರೊಳಗೆ ಬೆರಳಿಟ್ಟು ಆಳ ನೋಡಿ, ತಲೆಯಾಡಿಸಿದರು. ಸಿದ್ದು ಅವರನ್ನು ಆಟೋದಲ್ಲಿ ಶ್ರೀರಾಂಪುರದವರೆಗೂ ಬಿಟ್ಟು ಬಂದ.

ಅಮಾವಾಸ್ಯೆ ಕಳೆದ ಮೇಲೆ, ಅತ್ತೆ ಸೊಸೆ ಇರುವ ಸ್ವಸಹಾಯ ಸಂಘದ ಸಭೆ ಅವರ ಮನೆಯಲ್ಲೇ ಸೇರಿತು. ಮೊಬೈಲಿನಲ್ಲಿ ಮಾರುವುದನ್ನು ಕಲಿಸುವ ಹರ್ಷಿತಾ ಬಂದಿದ್ದರು. ಭಾನುಪ್ರಿಯಾ ನಡೆದದ್ದೆಲ್ಲ ಹೇಳಿ, “ಈ ಎಐ ಸಹವಾಸಾನೇ ಬೇಡ ಹರ್ಷಿತಕ್ಕ,” ಎಂದಳು.

“ಹಂಗ್ಯಾಕಂತೀಯ? ಮಾಡೆಲ್ ಕರೆಸಕ್ಕಾಗ್ದೋರಿಗೆ ಅದು ಅನುಕೂಲಾನೇ. ಆದ್ರೆ ಒಂದು ತಿಳ್ಕೊ. ಅದು ನಿನ್ನ ಅಂಗೀನ ತೊಡ್ಸಲ್ಲ. ನಿನ್ನ ಅಂಗಿ ನೋಡ್ಕೊಂಡು ಅದರಂಗೆ ಇನ್ನೊಂದನ್ನ ಬರೆಯುತ್ತೆ. ಜೇಬು ಸೇರಿಸ್ಬೋದು, ಕಾಲರ್ ಬದಲಾಯಿಸ್ಬೋದು, ಬಣ್ಣ ತಿಳಿ ಮಾಡ್ಬೋದು. ಚಿತ್ರ ಬಂದ ತಕ್ಷಣ ಅಂಗೀನ ಪಕ್ಕದಲ್ಲಿಟ್ಕೊಂಡು ನೋಡ್ಬೇಕು. ಒಂದು ಗುಂಡಿ ಹೆಚ್ಚುಕಮ್ಮಿ ಆಗಿದ್ರೂ ಆ ಚಿತ್ರ ಹಾಕ್ಬಾರ್ದು.”

“ಚಿತ್ರದ ಜೊತೆಗೆ ಅಂಗೀದೂ ಒಂದು ಫೋಟೋ ಹಾಕುದ್ರೆ?” ಮುದ್ದಮ್ಮ ಕೇಳಿದರು.

“ಹಾಕ್ಲೇಬೇಕು ಅಮ್ಮ. ನಾವೇ ತೆಗ್ದಿದ್ದು, ಬೆಳಕಲ್ಲಿ. ಕೆಳಗೆ ‘ಈ ವ್ಯಕ್ತಿ ಎಐ ಚಿತ್ರ, ಅಂಗಿ ನಮ್ಮದು’ ಅಂತ ಬರೀಬೇಕು. ಇನ್ನೊಂದು, ಬೇರೆಯೋರ ಮುಖಾನ ಅವರನ್ನ ಕೇಳ್ದೆ ಎಐಗೆ ಕೊಡ್ಬಾರ್ದು.”

“ನನ್ನ ಮುಖ ನಾನೇ ಕೊಡ್ತೀನಿ,” ಬಾಗಿಲಲ್ಲಿ ನಿಂತಿದ್ದ ಸಿದ್ದು ಎಂದ. “ಹೊಟ್ಟೆ ಮಾತ್ರ ಒಸಿ ಕರಗಿಸಿ ಅಂತ ಹೇಳಿ.”

“ಅದೂ ಸುಳ್ಳೇ ಕಣೋ,” ಎಂದರು ಮುದ್ದಮ್ಮ. ಸಂಘದವರೆಲ್ಲ ನಕ್ಕರು.

ಅಂದಿನಿಂದ ಆ ಮನೆಯಲ್ಲಿ ಚಿತ್ರ ಬಂದರೆ ಮುದ್ದಮ್ಮ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಕೂರುತ್ತಾರೆ. ಅವರು ಸರಿ ಎಂದ ಮೇಲೆಯೇ ಭಾನುಪ್ರಿಯಾ ಅದನ್ನು ಹಾಕುವುದು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ನಿಮ್ಮ ಕೈಕೆಲಸವನ್ನು ಮೊಬೈಲಿನಲ್ಲಿ ಮಾರುವವರಾಗಿದ್ದರೆ ಎಐಗೆ ಹೆದರಬೇಡಿ. ಆದರೆ ಕೊನೆಯ ಮಾತನ್ನು ಅದಕ್ಕೆ ಬಿಡಬೇಡಿ. ಕೊಳ್ಳುವವರು ನಿಮ್ಮ ಬಟ್ಟೆಯನ್ನು ಮುಟ್ಟಿ ನೋಡಲಾರರು, ಕಣ್ಣಿನಿಂದಲೇ ಮುಟ್ಟುತ್ತಾರೆ. ಅವರು ಯಾರಿಗಾಗಿ ಕೊಳ್ಳುತ್ತಿದ್ದಾರೆ ಎಂಬುದು ನಿಮಗೆ ತಿಳಿದಿರುವುದಿಲ್ಲ. ಇರುವುದನ್ನು ಇರುವ ಹಾಗೆ ತೋರಿಸಿ. ಹಾಗೆ ಮಾಡಬೇಡಿ ಎನ್ನುವವರೂ ನಿಮ್ಮ ಬಾಗಿಲಿಗೆ ಬರಬಹುದು. ಭಾನುಪ್ರಿಯಾಳ ಬಾಗಿಲಿಗೂ ಬಂದರು.

ಬಂದವರು ರೆಡಿಮೇಡ್ ಅಂಗಡಿಯ ವಿಜಯ್‌ಕುಮಾರ್. ವರ್ಷಾನುಗಟ್ಟಲೆಯಿಂದ ಈ ಮನೆಗೆ ಹೊಲಿಗೆ ಕೆಲಸ ಕೊಡುತ್ತಿದ್ದವರು. ಒಂದು ಶರ್ಟು ಮುಂದಿಟ್ಟರು.

“ಎಐ ಫೋಟೋ ಚೆನ್ನಾಗಿ ಮಾಡ್ತೀಯಂತೆ. ಇದು ಒಸಿ ತೆಳ್ಳಗದೆ. ಫೋಟೋದಲ್ಲಿ ಖಾದಿ ಥರ ದಪ್ಪ ಕಾಣಂಗೆ ಮಾಡ್ಕೊಟ್ಬುಡಮ್ಮ. ನೀನೇನೂ ಸುಳ್ಳು ಹೇಳ್ಬೇಕಾಗಿಲ್ಲ, ಅದೇ ಹೇಳ್ಕೊಳ್ಳುತ್ತೆ.”

ಭಾನುಪ್ರಿಯಾ ಶರ್ಟನ್ನು ಬೆಳಕಿಗೆ ಹಿಡಿದಳು. ಆಚೆಯ ಕಿಟಕಿಯ ಸರಳುಗಳು ಅದರೊಳಗಿಂದ ಕಂಡವು. ಮಡಿಸಿ ವಾಪಸು ಕೊಟ್ಟಳು.

“ದೀಪಾವಳಿ ಹೊಲಿಗೆ ಪೂರ್ತಿ ನಿಮಗೇ ಕೊಡೋಣ ಅಂತಿದ್ದೆ,” ಎಂದರು ಅವರು. “ಯೋಚ್ನೆ ಮಾಡು.”

“ಕೂತ್ಕೊಳಿ ವಿಜಯಣ್ಣ, ಕಾಫಿ ಮಾಡ್ತೀನಿ. ಆ ಫೋಟೋ ಮಾತ್ರ ಮಾಡಲ್ಲ.”