ಅವ್ವನ ಬೆರಳಿಗೆ ಹತ್ತಿದ ಪಾಯಸ

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ನಡೆದ ಮುಷ್ಕರದ ದಿನಗಳವು. ಬಸ್ಸುಗಳು ನಿಂತು ವಾರಗಳಾಗಿದ್ದವು. ಸಿರ್ಗಾಪುರದ ಲಚ್ಚಮ್ಮನಿಗೆ ನಿಮೋನಿಯಾ ಜೋರಾಗಿ ಉಸಿರು ಕಟ್ಟತೊಡಗಿದಾಗ, ಮಗ ದೇವಿದಾಸ ಯಾರದೋ ಜೀಪು ಬೇಡಿ ತಂದು ಜಹೀರಾಬಾದಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ. ಅಲ್ಲಿ ಐಸಿಯುದಲ್ಲಿ ಮಲಗಿಸಿದರು.

ನರ್ಸ್ ಧಮ್ಮಶೀಲಾ ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಪಂಪಿನಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೋಗುತ್ತಿತ್ತು. ದೇವಿದಾಸನಿಗೆ ಸಿಟ್ಟು ಬಂತು.

"ನಮ್ಮವ್ವಗ ಸಕ್ಕರಿ ರೋಗ ಇಲ್ರೀ. ನೀವೇ ಚುಚ್ಚಿ ಚುಚ್ಚಿ ಹಚ್ಚತೀರೇನು?"

"ಜಡ್ಡು ಜೋರಾದ್ರ ಸಕ್ಕರಿ ರೋಗ ಇಲ್ಲದವರಿಗೂ ಏರತದ, ಅಣ್ಣಾ. ಆರಾಮಾದ ಮ್ಯಾಲ ಭಾಳ ಮಂದಿಗೆ ತಾನೇ ಇಳೀತದ."

"ಎದಿ ನೋಡ್ರಿ, ಗಡಿಯಾರದಂಗ ಹೊಡಿಲಾಕತ್ತದ! ಮತ್ತ ಇದೆಲ್ಲಾ ಯಾಕ?" ಎಂದು ದೇವಿದಾಸ ಮಾನಿಟರಿನ ಕಡೆ ಕೈ ತೋರಿಸಿದ.

"ಗಟ್ಟಿ ಇದ್ದವರ ಎದಿ ಗಡಿಯಾರದಂಗ ಹೊಡಿಯಂಗಿಲ್ಲ. ಉಸಿರು ಎಳದಾಗ ಒಂದೀಟು ಜಲ್ದಿ, ಬಿಟ್ಟಾಗ ಒಂದೀಟು ಸಾವಕಾಶ. ಜಡ್ಡು ಭಾಳಾದ್ರ ಆ ಹೆಚ್ಚುಕಡಿಮಿ ಕಮ್ಮಿ ಆಗತದ. ಅಂಥಾ ಎದಿಗೆ ಸಕ್ಕರಿ ಏರಿದ್ರೂ ಕಷ್ಟ, ಪೂರಾ ಇಳದ್ರೂ ಕಷ್ಟ. ಬಾಯಿಗೇನೂ ಹಾಕಬ್ಯಾಡ್ರಿ."

ಅಂದು ಮಧ್ಯಾಹ್ನ ಚಳವಳಿಯವರು ಹೆದ್ದಾರಿ ತಡೆದು, ರಸ್ತೆಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿದರು. ದೇವಿದಾಸ ಅಲ್ಲಿಂದ ಒಂದು ಗ್ಲಾಸು ಬೆಲ್ಲದ ಪಾಯಸ ತಂದ.

"ಊರೆಲ್ಲಾ ಉಂಡದ. ಅವ್ವನ ಪಾಲು ಬ್ಯಾಡೇನು?"

"ಸಿಸ್ಟರ್ ಏನಂದಾರ, ಮರತ್ರಾ?" ಎಂದಳು ಹೆಂಡತಿ ಶಿಲ್ಪಾರಾಣಿ.

"ಬಾಯಿಗೆ ಯಾರ್ ಹಾಕತಾರ? ಕೈಗೆ ಮುಟ್ಟಸತೀನಿ."

ಅವ್ವನ ಬೆರಳುಗಳನ್ನು ಪಾಯಸದಲ್ಲಿ ಅದ್ದಿ, ಟವೆಲಿನಿಂದ ಒರೆಸಿದ.

ಸ್ವಲ್ಪ ಹೊತ್ತಿಗೆ ಧಮ್ಮಶೀಲಾ ಬಂದು, ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿ ಚುಚ್ಚಿದಳು. ಮಷೀನಿನ ಅಂಕಿಯನ್ನು ಎರಡು ಸಲ ಓದಿದಳು.

"ನಾನೂರ ಎಂಬತ್ತು! ಈಗರ ಇಳದಿತ್ತಲ್ಲ! ಏನರೆ ತಿನಿಸಿದ್ರೇನು?"

"ಬಾಯಿಗೆ ಒಂದು ಹನಿ ಹಾಕಿಲ್ರೀ," ಎಂದ ದೇವಿದಾಸ.

ಧಮ್ಮಶೀಲಾ ಡಾಕ್ಟರಿಗೆ ಫೋನು ಮಾಡಿದಳು. "ಹೌದ್ರಿ ಸರ್, ಇನ್ಸುಲಿನ್ ಏರಸತೀನ್ರಿ." ಅವಳ ಕೈ ಪಂಪಿನ ಗುಂಡಿಯ ಕಡೆ ಹೋಯಿತು.

ಶಿಲ್ಪಾರಾಣಿ ಗಂಡನನ್ನು ನೋಡಿದಳು. ಸುಮ್ಮನಿರು ಎಂದು ಆತ ಕಣ್ಣಲ್ಲೇ ಗದರಿದ. ಆಮ್ಲಜನಕದ ಮಾಸ್ಕಿನೊಳಗೆ ಅತ್ತೆ ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು.

"ನಿಂದ್ರಿ ಅಕ್ಕಾ! ಇವರು ಬೆರಳಿಗೆ ಪಾಯಸ ಹಚ್ಯಾರ!" ಎಂದು ಶಿಲ್ಪಾರಾಣಿ ಕೂಗಿದಳು.

ಧಮ್ಮಶೀಲಾ ಕೈ ಹಿಂದೆಳೆದುಕೊಂಡಳು. ಲಚ್ಚಮ್ಮನ ಕೈಯನ್ನು ಸೋಪು ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮತ್ತೆ ಚುಚ್ಚಿದಳು. ನೂರ ಅರವತ್ತೆಂಟು. ಇನ್ಸುಲಿನ್ ಏರಿಸುವ ಅಗತ್ಯವಿಲ್ಲವೆಂದು ಡಾಕ್ಟರಿಗೂ ಫೋನು ಮಾಡಿ ತಿಳಿಸಿದಳು.

"ಸ್ಪಿರಿಟಿಗೆ ಬೆಲ್ಲದ ಅಂಟು ಪೂರಾ ಹೋಗಿಲ್ಲ. ನಾನೂ ತೊಳೀಬೇಕಿತ್ತು," ಎಂದಳು. "ಮಷೀನು ರಕ್ತದ ಜೋಡಿ ಪಾಯಸದ ಸಕ್ಕರಿನೂ ತೋರಿಸ್ತು. ಇನ್ಸುಲಿನ್ ಏರಿಸಿದ್ರ ಸಕ್ಕರಿ ಪೂರಾ ಬಿದ್ದು ಫಿಟ್ಸ್ ಬರತಿದ್ವು. ಜೀವಕ್ಕೇ ಕುತ್ತು ಬರತಿತ್ತು."

ದೇವಿದಾಸ ಮಂಚದ ಕೆಳಗಿಟ್ಟಿದ್ದ ಪಾಯಸದ ಗ್ಲಾಸನ್ನು ತೆಗೆದು ನರ್ಸಿನ ಕೈಗೆ ಕೊಟ್ಟ.

"ಬಾಯಿಗೆ ಹಾಕಿಲ್ಲಂತ! ವಕೀಲರಂಗ ಮಾತಾಡಿದ್ರಿ," ಎಂದಳು ಶಿಲ್ಪಾರಾಣಿ, ಕಣ್ಣೊರೆಸಿಕೊಳ್ಳುತ್ತ.

ಸಂಜೆ ಶಿಲ್ಪಾರಾಣಿಯ ತಾಯಿ ಸಾಯಮ್ಮ ಬುತ್ತಿ ಹಿಡಿದು ಬಂದಾಗ ದೇವಿದಾಸನೇ ಬಾಗಿಲಲ್ಲಿ ಅಡ್ಡ ನಿಂತ. "ಡಬ್ಬಿ ಹೊರಗಿಡ್ರಿ ಅತ್ತೀ. ಕೈ ತೊಳಕೊಂಡು ಬರ್ರಿ."

ಲಚ್ಚಮ್ಮ ನಿಧಾನವಾಗಿ ಚೇತರಿಸಿಕೊಂಡಳು. ಇನ್ಸುಲಿನ್ ಕೂಡ ನಿಂತಿತು.

ಅಕ್ಕ ತಂಗಿಯರೇ, ನಿಮ್ಮವರು ಐಸಿಯುದಲ್ಲಿದ್ದಾಗ ಇನ್ಸುಲಿನ್ ಕೊಟ್ಟರೆ ಹೆದರಬೇಡಿ, ಯಾಕೆಂದು ಕೇಳಿ ತಿಳಿದುಕೊಳ್ಳಿ. ಬಾಯಿಗಾಗಲಿ ಕೈಗಾಗಲಿ, ಕೇಳದೆ ಏನನ್ನೂ ಮುಟ್ಟಿಸಬೇಡಿ. ಮುಟ್ಟಿಸಿದ್ದರೆ ಮುಚ್ಚಿಡಬೇಡಿ. ಮುನಿದ ಗಂಡ ನಾಳೆ ಸರಿಹೋಗುತ್ತಾನೆ, ಹೋದ ಜೀವ ಬರುವುದಿಲ್ಲ. ಬೈಸಿಕೊಂಡರೂ ಸರಿ, ಆ ಕ್ಷಣವೇ ನರ್ಸಿಗೆ ಹೇಳಿ.