ಮಿಡಿಗೇಶಿಯ ಮುಖ್ಯ ಅತಿಥಿ

ಬಸ್ಸು ಬಂದು ನಿಂತಾಗಲೆಲ್ಲ ಗೌರೀಶ್ ಕಾಲರ್ ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದ. ಇಳಿದವರು ಹುಣಸೆಹಣ್ಣಿನ ಮೂಟೆಯವರು, ಮೇಕೆ ಹಿಡಿದವರು. ಲ್ಯಾಪ್‌ಟಾಪ್ ಬ್ಯಾಗಿನವರು ಒಬ್ಬರೂ ಇಲ್ಲ. ಮಿಡಿಗೇಶಿಯ ಬಿಸಿಲಿಗೆ ಅವತ್ತು ಕೋಟೆಯ ಕಲ್ಲೇ ಬೆವರುತ್ತಿತ್ತು ಎಂದರೆ ನೀವು ನಂಬಲೇಬೇಕು.

"ಯಾರ್ ಬರ್ಬೇಕಿತ್ತಪ್ಪ? ಹೆಣ್ಣಿನ ಕಡೆಯೋರಾ?" ಎಂದಳು ಕಟ್ಟೆಯ ಮೇಲೆ ಕಡಲೇಕಾಯಿ ಮಾರುತ್ತಿದ್ದ ಕೆಂಚಮ್ಮ.

ಗೌರೀಶ್ ಸಾಮಾನ್ಯನಲ್ಲ. ಮಧುಗಿರಿಯಲ್ಲಿ ಅವನ ಕಂಪ್ಯೂಟರ್ ಅಂಗಡಿಯ ಶಟರ್ ಎದ್ದ ಸದ್ದಿಗೆ ಪಾವಗಡದ ವೈರಸ್ಸುಗಳು ಗಡಿ ದಾಟಿ ಆಂಧ್ರಕ್ಕೆ ಓಡುತ್ತಿದ್ದವು. ಅಂಥವನಿಗೆ ಒಂದು ಮಾತೂ ತಿಳಿಸದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೈಬರ್ ಭದ್ರತೆಯ ಕೆಲಸದವರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ತಿಂಗಳಿಗೊಂದು ಭಾನುವಾರ, ಒಂದೊಂದು ಊರಲ್ಲಿ ಸಭೆ. ಅದು ಹಾಳಾಗಲಿ, ಆ ಬಳಗದಲ್ಲಿ ಅವನ ತಂಗಿ ಮಾನಸ ಇದ್ದಳು! ಕೊರಟಗೆರೆಯ ಸೊಸೈಟಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮಾನಸ. ಮೌಸ್ ಹಿಡಿಯುವುದನ್ನು ಇವನೇ ಕಲಿಸಿದ ಮಾನಸ. ಊಟಕ್ಕೆ ಕೂತರೆ ಬಳಗದ ಮೆಸೇಜುಗಳಿಗೆ ಅವಳ ಫೋನು ಟಿಣ್ ಟಿಣ್ ಎನ್ನುತ್ತಿತ್ತು. ಒಂದೊಂದು ಟಿಣ್ಣಿಗೂ ಇವನ ಗಂಟಲಲ್ಲಿ ಮುದ್ದೆ ಬೆಟ್ಟದಷ್ಟು ದಪ್ಪವಾಗುತ್ತಿತ್ತು.

"ನೀನೂ ಸೇರ್ಕೊಳಣ್ಣ. ಒಳಗಿರೋರು ಒಬ್ರು ಜಾಮೀನು ನಿಂತ್ರೆ ಸಾಕು. ಕೇಳು, ನಾನೇ ನಿಲ್ತೀನಿ."

"ನಂಗೆ ನಿನ್ ಜಾಮೀನಾ? ಅವ್ರೇ ಬಂದು ಕರೀಲಿ ಬುಡು."

ಯಾರೂ ಕರೆಯಲಿಲ್ಲ. ಈ ಸಲದ ಸಭೆ ಮಧುಗಿರಿಯಲ್ಲೇ, ಅವನ ಅಂಗಡಿಯಿಂದ ಕೂಗಳತೆಯ ಹೋಟೆಲಿನಲ್ಲೇ ಎಂದು ತಿಳಿದ ದಿನ ಅವನ ಹೊಟ್ಟೆಕಿಚ್ಚಿನಲ್ಲಿ ಇಡೀ ಬಡವನಹಳ್ಳಿ ಸಂತೆಗೆ ಅಡುಗೆ ಬೇಯಿಸಬಹುದಿತ್ತು. ಅಲ್ಲಿ ಇಲ್ಲಿ ನಂಬರು ಹೆಕ್ಕಿ, ಬಳಗದ ಹಿರಿಯರಾದ ಶಿರಾದ ಚನ್ನಮಲ್ಲಯ್ಯನವರ ಹೆಸರು, ಫೋಟೊ ಹಾಕಿಕೊಂಡು ಹೊಸ ಸಿಮ್ಮಿನಿಂದ ಎಲ್ಲರಿಗೂ ಮೆಸೇಜ್ ಬಿಟ್ಟ: ಸಭೆ ಮಿಡಿಗೇಶಿಗೆ ಬದಲಾಗಿದೆ. ಮೋಸ ಹೋಗಿ ಬಂದ ಘಟಾನುಘಟಿಗಳನ್ನು ಸಾಲಾಗಿ ಕೂರಿಸಿ, "ನಿಮ್ಮ ಭದ್ರತೆ ಇಷ್ಟೇನಾ?" ಎಂದು ಭಾಷಣ ಬಿಗಿಯಬೇಕು. ಆಮೇಲೆ ಅವರೇ ಹೆಗಲ ಮೇಲೆ ಹೊತ್ತು ಒಳಗೆ ಕರೆದುಕೊಳ್ಳಬೇಕು.

ಮಧ್ಯಾಹ್ನದ ಬಸ್ಸಿನಿಂದ ಮಾನಸ ಒಬ್ಬಳೇ ಇಳಿದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ನಂಬಿ ಬಂದ್ಬುಟ್ಯಾ?" ಗೌರೀಶನ ಮುಖ ಊರಗಲ ಅರಳಿತು.

"ಯಾರೂ ನಂಬಿಲ್ಲ ಕಣಣ್ಣ. ಜಾಗ ಬದಲಾದ್ರೆ ಫೋನ್ ಮಾಡಿ, ದನಿ ಕೇಳ್ಕೊಂಡೇ ಹೊರಡೋದು ನಮ್ ಪದ್ಧತಿ. ಚನ್ನಮಲ್ಲಯ್ಯನೋರು, ನಾನ್ ಕಳ್ಸಿಲ್ಲ ಕಣಮ್ಮ ಅಂದ್ರು."

"ನಾನೇ ಅಂತ ಹೆಂಗ್ ಗೊತ್ತಾಯ್ತು?"

ಅವಳು ಫೋನ್ ಚಾಚಿದಳು. ಮೆಸೇಜಿನ ಕೊನೆಯ ಸಾಲು: 'ಮುಖ್ಯ ಅತಿಥಿ: ಖ್ಯಾತ ಸೈಬರ್ ತಜ್ಞ ಶ್ರೀ ಗೌರೀಶ್, ಮಧುಗಿರಿ.'

"ಯಾವ ಕಳ್ಳನಾದ್ರೂ ಇಂಗೆ ಹೆಸ್ರು ಹಾಕ್ಕೋತಾನಾ?" ಎನ್ನುತ್ತ ಪೊಟ್ಟಣ ಬಿಚ್ಚಿದಳು. ಒಳಗೆ ಸುಗಂಧರಾಜದ ಹಾರ. "ಮುಖ್ಯ ಅತಿಥಿಗೆ ಅಂತ ಕೊಟ್ ಕಳ್ಸವ್ರೆ. ಊಟಕ್ಕೆ ಕಾಯ್ತಾವ್ರೆ, ನಡಿ."

"ಅಂಗಾದ್ರೆ ಗಂಡು ಒಪ್ಪಿಗೆ ಆದಂಗೆ," ಎಂದಳು ಕೆಂಚಮ್ಮ.

ವಾಪಸು ಬಸ್ಸಿನಲ್ಲಿ ಮಾನಸ ಇಬ್ಬರಿಗೂ ಟಿಕೆಟ್ ತೆಗೆದಳು. ಹಾರ ಗೌರೀಶನ ತೊಡೆಯ ಮೇಲಿತ್ತು. ಅವಳ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು.

"ಹೂಂ, ನಿಂತ್ಕೋ," ಎಂದ ಗೌರೀಶ್, ಕಿಟಕಿಯ ಕಡೆ ತಿರುಗಿ.

"ಏನು?"

"ಜಾಮೀನು."

ಅವಳು ಏನೋ ಒತ್ತಿದಳು. ಅವನ ಫೋನೂ ಟಿಣ್ ಎಂದಿತು. ಬಳಗದ ಸಾಲುಸಾಲು ಹೆಸರುಗಳ ನಡುವೆ ತನ್ನದು ಕಂಡಿತು. ಎಲ್ಲಕ್ಕಿಂತ ಮೇಲೆ ಮಾನಸಳ ಹೆಸರು. ಅದರ ಎದುರು ಹಸಿರು ಅಕ್ಷರದಲ್ಲಿ, ಅಡ್ಮಿನ್.

"ನೀನ್ ಯಾವಾಗ ಅಡ್ಮಿನ್ ಆದೆ?"

"ಮೊದ್ಲಿಂದ್ಲೂ. ಬಳಗ ಶುರು ಮಾಡಿದ್ದೇ ನಾನಲ್ವೇನಣ್ಣ."

ಗೌರೀಶ್ ಹಾರದಿಂದ ಒಂದು ಹೂ ಕಿತ್ತು ಕಿಟಕಿಯಾಚೆ ಬಿಟ್ಟ. ಮತ್ತೊಂದು ಕಿತ್ತ. ಮಧುಗಿರಿಯ ಬೆಟ್ಟ ಕಾಣಿಸುವ ಹೊತ್ತಿಗೆ ತೊಡೆಯ ಮೇಲೆ ದಾರವಷ್ಟೇ ಉಳಿದಿತ್ತು.