ಬಿಸಿಲು ಬಿದ್ದರೆ ಸರಿಹೋದಾಳು

ಆ ವರ್ಷ ಮುರಗೋಡದಲ್ಲಿ ಬೇಸಿಗೆ ಎಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ಯುಗಾದಿಯ ಬೇವು ಬಾಡುವ ಮೊದಲೇ ಸುರುವಾದ ಮಳೆ, ಭರಣಿ ಮುಗಿದು ಕೃತ್ತಿಕೆ ಹತ್ತಿದರೂ ಬಿಡಲಿಲ್ಲ. ದಡದಡನೆ ಸುರಿದು ಹೋಗುವ ಮಳೆಯೂ ಅಲ್ಲ ಅದು. ಶ್ರಾವಣದ ಜಿಟಿಜಿಟಿ ದಾರಿ ತಪ್ಪಿ ಮೇ ತಿಂಗಳಿಗೆ ಬಂದು ಕೂತ ಹಾಗಿತ್ತು. ಮೊದಮೊದಲು ಸೋಮಪ್ಪ ಪಡಸಾಲೆಯ ಕಂಬಕ್ಕೆ ಒರಗಿ, "ಭರಣಿ ಬಿದ್ರ ಧರಣಿಗೆಲ್ಲಾ ಸುಗ್ಗಿ" ಎಂದು ಹೆಂಡತಿಗೆ ಕೇಳಿಸುವಂತೆ ಹೇಳುತ್ತಿದ್ದ. ಮಾಳಿಗೆ ಸೋರಲು ಹತ್ತಿದ ಮೇಲೆ ಗಾದೆ ಬಿಟ್ಟು, ಸೋರಿದಲ್ಲೆಲ್ಲ ಬೋಗುಣಿ ಇಡುವ ಕೆಲಸ ಹಿಡಿದ.

ಅವನ ಹೆಂಡತಿ ತಂಗೆವ್ವನಿಗೆ ಮಾಳಿಗೆಯ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಒಳಗಿನ ಕೋಣೆಯ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿತ್ತು. ಮಗಳು ನೀಲಾ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಹುಟ್ಟಿದ್ದು ಗಂಡುಕೂಸು. ಹೆರಿಗೆ ಸುಸೂತ್ರ. ಎದೆಯಲ್ಲಿ ಹಾಲಿಗೆ ಬರವಿಲ್ಲ. ಅಳಿಯ ಕಲ್ಮೇಶ ರಾಮದುರ್ಗದಲ್ಲಿ ಪಂಪು, ಮೋಟಾರು ರಿಪೇರಿ ಮಾಡುವವನು, ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಲೇ ದಿನಾ ಹೆಂಡತಿಗೆ ಫೋನು ಮಾಡುವಂಥ ಗಂಡ. ಎಲ್ಲಿ ತಡಕಾಡಿದರೂ ಕೊರತೆ ಎಂಬುದು ಕೈಗೆ ಸಿಗುತ್ತಿರಲಿಲ್ಲ. ಆದರೂ ಹುಡುಗಿ ಒಳಗೊಳಗೇ ಇಳಿಯುತ್ತಿದ್ದಳು, ಬಾವಿಗೆ ಬಿಟ್ಟ ಕೊಡದ ಹಗ್ಗ ಕೈಯಿಂದ ಜಾರಿದ ಹಾಗೆ.

ಇದೇ ನೀಲಾ ಒಂದು ಕಾಲಕ್ಕೆ ಎಂಥ ಮಾತಿನವಳು! ಬಸ್ಸು ಯರಗಟ್ಟಿ ಮುಟ್ಟುವಷ್ಟರಲ್ಲಿ ಪಕ್ಕದ ಸೀಟಿನವರ ಸೊಸೆ ಯಾಕೆ ಮುನಿಸಿಕೊಂಡು ಹೋದಳೆಂಬುದನ್ನೂ ತಿಳಿದುಕೊಂಡು ಇಳಿಯುವವಳು. ಈಗ ಕೇಳಿದ್ದಕ್ಕೆ "ಹೂಂ", ಕೊಟ್ಟಿದ್ದಕ್ಕೆ "ಸಾಕು". ಅನ್ನ ಬಡಿಸಿದರೆ ಉಣ್ಣುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಕೂಸು ಅತ್ತರೆ ಹಾಲು ಕುಡಿಸುತ್ತಿದ್ದಳು. ಕುಡಿಸಿದ ಮೇಲೆ, ಯಾರೋ ಇಟ್ಟುಹೋದ ಸಾಮಾನನ್ನು ಜೋಪಾನವಾಗಿ ತಿರುಗಿ ಕೊಟ್ಟಂತೆ, ಅದನ್ನು ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು.

ಕೊಬ್ಬರಿ, ಉತ್ತತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಬಂದ ಓಣಿಯ ಹೆಂಗಸರು ಸುಮ್ಮನೆ ಇದ್ದಾರೆಯೆ?

"ಯಾಕ ತಂಗೆವ್ವಾ, ಗಂಡಮಗನ್ನ ಹಡದಾಳ, ಮಾರಿ ಮ್ಯಾಲೆ ಒಂದ ನಗೀ ಬ್ಯಾಡೇನ? ನಾವೇನ ಹಡದಿಲ್ಲಾ?"

"ಮಳಿಗೆ ಬ್ಯಾಸರಾಗೇತಿರಿ ಅಕಿಗೆ," ತಂಗೆವ್ವ ಚಹಾದ ಬಟ್ಟಲು ಮುಂದಿಡುತ್ತಿದ್ದಳು. "ಬಿಸಲ ಬಿದ್ರ ಸರಿಹೋಗತಾಳ."

ಮೊದಲ ಸಲ ಹಾಗೆ ಹೇಳಿದ್ದು ಬಂದವರ ಬಾಯಿ ಮುಚ್ಚಿಸಲು. ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನ್ನಿಸಿತು. ಯಾಕೆ ಇರಬಾರದು? ತಂಪುಗಾಳಿ ಬಾಣಂತಿಗೆ ತಾಕಬಾರದೆಂದು ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿದ್ದಳು. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ಕೆಂಡ. ಕೂಸಿನ ಬಟ್ಟೆಗಳು ಒಣಗದೆ, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹರವಿದರೆ ಅವಕ್ಕೂ ಹೊಗೆಯ ವಾಸನೆ. ಹಗಲು ಯಾವುದು, ಸಂಜೆ ಯಾವುದು ತಿಳಿಯದ ಆ ಕತ್ತಲಲ್ಲಿ ಕೂತರೆ ಯಾರಿಗಾದರೂ ಜೀವ ಹಿಂಡದೆ ಇದ್ದೀತೆ? ಕಿಟಕಿ ತೆರೆಯೋಣವೆಂದರೆ ಬಾಣಂತಿಗೆ ಸನ್ನಿ ಹಿಡಿದೀತೆಂಬ ಭಯ. ಹೀಗಾಗಿ ಬಿಸಿಲು ಬರುವುದೊಂದೇ ದಾರಿ ಉಳಿದಿತ್ತು.

ಬಿಸಿಲಿಗೆ ಕಾಯುತ್ತ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಅಂಟಿನುಂಡಿ ಕಟ್ಟಿದಳು. ಸಬ್ಬಸಗಿ ಪಲ್ಲೆ, ಬೆಳ್ಳುಳ್ಳಿ ಸಾರು, ಬಿಸಿ ರೊಟ್ಟಿ ಎಂದು ಒಲೆಯ ಮುಂದೆಯೇ ಕೂತಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಘಾಟು ಬರಲಿಲ್ಲ. ದೃಷ್ಟಿಯೇ ಆಗಿತ್ತು, ಈಗ ಹೋಯಿತು ಎಂದು ಖುಷಿಪಟ್ಟಳು. ಮರುದಿನ ನೀಲಾ ಹಾಗೇ ಇದ್ದಳು. ಸೋಮಪ್ಪ ಛತ್ರಿ ಹಿಡಿದು ಮಠಕ್ಕೆ ಹೋಗಿ ಅಂಗಾರ ತಂದ. ನೀಲಾ ಹಣೆ ಒಡ್ಡಿ ಹಚ್ಚಿಸಿಕೊಂಡಳು. ಹಚ್ಚಿಸಿಕೊಂಡು ಮತ್ತೆ ಗೋಡೆಗೆ ತಿರುಗಿದಳು.

ಕೂಸಿಗೆ ಎರೆಯಲು ದಿನಾ ಬೆಳಿಗ್ಗೆ ಹಿಂದಿನ ಓಣಿಯ ಹುಸೇನಮಾ ಬರುತ್ತಿದ್ದಳು, ಲಾರಿ ಹೊಡೆಯುವ ನಿಜಾಮಸಾಬನ ಹೆಂಡತಿ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಅವಳ ಬಾಯಿಗೆ ಬಿಡುವಿಲ್ಲ.

"ಏ ಸಾಹೇಬಾ, ಒದೀಬ್ಯಾಡೋ! ಕಿಕ್ ಹೊಡ್ಯಾಕ ನಾ ಏನ ನಿಮ್ಮಪ್ಪನ ಗಾಡಿ ಅಲ್ಲ. ನೀಲವ್ವಾ, ಈ ಬೋಂಡಾ ಮೂಗ ಯಾರ್ದವಾ? ನಿಮ್ಮ ಅತ್ತೀದೇನ?"

ಮೊದಲಿನ ನೀಲಾ ಆಗಿದ್ದರೆ ಅತ್ತೆಯ ಮೂಗಿನಿಂದ ಹಿಡಿದು ಹುಸೇನಮಾಳ ಮೂಗಿನವರೆಗೆ ಒಂದನ್ನೂ ಬಿಡುತ್ತಿರಲಿಲ್ಲ.

"ಗೊತ್ತಿಲ್ಲ ಚಾಚಿ," ಅಂದಳು ಅಷ್ಟೇ.

ಹುಸೇನಮಾ ತಂಗೆವ್ವನ ಮುಖ ನೋಡಿದಳು. ತಂಗೆವ್ವ ಬಿಸಿನೀರು ಬೆರೆಸುವ ನೆಪದಲ್ಲಿ ಹಂಡೆಯ ಕಡೆಗೆ ತಿರುಗಿದಳು.

ಒಂದು ಮಧ್ಯಾಹ್ನ ತಂಗೆವ್ವ ರೊಟ್ಟಿ ಬಡಿಯುತ್ತಿದ್ದಾಗ ಕೂಸು ಅಳತೊಡಗಿತು. ಈಗ ಎತ್ತಿಕೊಂಡಾಳು ಎಂದು ಒಂದು ರೊಟ್ಟಿ ಬೇಯಿಸಿದಳು. ಇನ್ನೂ ಅಳುತ್ತಿತ್ತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದರೆ ಕೂಸು ಕೆಂಪಾಗಿ ಉಸಿರು ಹಿಡಿದು ಚೀರುತ್ತಿದೆ, ಅದರ ಮಗ್ಗುಲಲ್ಲೇ ನೀಲಾ ಕಣ್ಣು ಬಿಟ್ಟುಕೊಂಡು ಮಲಗಿದ್ದಾಳೆ.

"ಕಿವಿ ಕೇಳಸವಲ್ದೇನ ನಿನಗ? ತಾಯಿ ಅದಿಯೋ ಏನ ಕಲ್ಲ ಅದಿ?"

ಅಂದ ಮೇಲೆ ತಂಗೆವ್ವನ ನಾಲಿಗೆ ಕಹಿಯಾಯಿತು. ನೀಲಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು!

"ಕೇಳಸತೈತಿ ಅವ್ವಾ," ಅಂದಳು ಮೆಲ್ಲಗೆ. "ಆದ್ರ ಯಾರ್ದೋ ಮನ್ಯಾಗ ಯಾರ್ದೋ ಕೂಸು ಅತ್ತಂಗ ಕೇಳಸತೈತಿ. ನಂದ ಅಂತ ಅನಸವಲ್ದು. ನಾ ಏನ ಮಾಡ್ಲಿ?"

ತಂಗೆವ್ವ ಕೂಸನ್ನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡಳು. ಅದರ ಕುಂಚಿಗೆಯ ಮೇಲೆ ಜೋಳದ ಹಿಟ್ಟಿನ ಬೆರಳುಗಳು ಮೂಡಿದವು. ಸ್ವಲ್ಪ ಹೊತ್ತಿನ ಮೇಲೆ ನೀಲಾಳೇ ಕೇಳಿದಳು.

"ಬಿಸಲ ಯಾವಾಗ ಬೀಳತೈತಿ ಅವ್ವಾ?"

ಎಷ್ಟೋ ದಿನಕ್ಕೆ ಮಗಳು ತಾನಾಗಿ ಏನನ್ನೋ ಕೇಳಿದ್ದಳು. ತಂಗೆವ್ವನಿಗೆ ಅಷ್ಟಕ್ಕೇ ಕಣ್ಣು ತುಂಬಿತು. "ಬೀಳತೈತಿ ನನ್ನವ್ವಾ. ಬೀಳದ ಎಲ್ಲಿ ಹೋಗತೈತಿ?"

ಸಂಜೆ ಕಲ್ಮೇಶನ ಫೋನು ಬಂದಾಗ ತಂಗೆವ್ವ ಮೊದಲು ಕೇಳಿದ್ದೇ ಅದನ್ನು. ಅವನು ಹುರುಪಿನಿಂದ ಹೇಳಿದ: "ನೋಡೇನ್ರಿ ಅತ್ತೀರ, ಮೊಬೈಲದಾಗ ಗುರುವಾರ ಬಿಸಲ ತೋರಸಾಕತ್ತೈತಿ. ನೀಲಾ ಹೆಂಗದಾಳ್ರಿ?"

"ಆರಾಮ ಅದಾಳ್ರಿ. ಮಳಿಗೆ ಒಂದೀಟ ಬ್ಯಾಸರ, ಅಷ್ಟ."

"ಹೌದ್ರಿ, ಈ ಮಳಿ ಯಾರಿಗಾದ್ರೂ ಬ್ಯಾಸರನ."

ಇಬ್ಬರೂ ಮಳೆಯನ್ನು ಬೈದು ಫೋನು ಇಟ್ಟರು. ಬೈಯಲು ಮಳೆ ಇದ್ದದ್ದು ಇಬ್ಬರಿಗೂ ಒಂದು ಆಸರೆಯಾಗಿತ್ತು.

ಗುರುವಾರ ಮಳೆಯೇ ಬಂತು. ಬಿಸಿಲು ಬಂದದ್ದು ಯಾರೂ ಹೇಳದ ಒಂದು ದಿನ. ತಂಗೆವ್ವ ಕಸ ಚೆಲ್ಲಲು ಹಿತ್ತಲಿಗೆ ಹೋದಾಗ ನೆಲದ ಮೇಲೆ ತನ್ನ ನೆರಳು ಕಂಡಿತು. ತಲೆಯೆತ್ತಿದರೆ ತೊಳೆದ ತಾಟಿನಂಥ ಆಕಾಶ. ಸ್ವಲ್ಪ ಹೊತ್ತಿನಲ್ಲಿ ಓಣಿಗೆ ಓಣಿಯೇ ಹೊರಗೆ ಬಂತು. ಗೋಡೆಯ ಮೇಲೆ ಕೌದಿ, ಮಾಳಿಗೆಯ ಮೇಲೆ ಮುಗ್ಗಲು ಹತ್ತಿದ ಜೋಳ, ಕಟ್ಟೆಯ ಮೇಲೆ ಮೆಣಸಿನಕಾಯಿ, ಬೇಲಿಯ ಮೇಲೆ ಗಂಡಸರ ಧೋತರ.

"ಸೂರ್ಯಾಂದ ಸೂಟಿ ಮುಗೀತ ನೋಡ್ರಿ ಅಕ್ಕಾರ, ಡ್ಯೂಟಿಗೆ ಹಾಜರ ಆಗ್ಯಾನ!" ಎನ್ನುತ್ತ ಹುಸೇನಮಾ ಬಂದಳು.

"ಹೊರಸು ಹಿಡಿಯವಾ ಒಂದ ಕಡೆ," ಅಂದಳು ತಂಗೆವ್ವ. "ಹಿತ್ತಲಕ ಒಯ್ಯೂನು."

"ಬಾಣಂತಿಗೆ ಗಾಳಿ ಹತ್ತೀತ..." ಎಂದು ಸೋಮಪ್ಪ ಪಡಸಾಲೆಯಿಂದ ಶುರುಮಾಡಿದ.

"ಹತ್ತಿದ್ರ ಹತ್ತಲಿ. ನೀವ ಅತ್ತಾಗ ಸರೀರಿ."

ನೀಲಾ ಕರೆದಲ್ಲಿಗೆ ಬಂದಳು. ಕತ್ತಲಿಂದ ಬಂದ ಕಣ್ಣು ಕಿರಿದಾಗಿ, ಬಿಳಿಚಿದ ಮುಖ ಇನ್ನೂ ಚಿಕ್ಕದಾಗಿ ಕಂಡಿತು. ತಂಗೆವ್ವ ಅವಳ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕೂದಲು ಬಿಡಿಸಿ, ಬೆನ್ನಿಗೆ ಬಿಸಿಲು ಬೀಳುವಂತೆ ಕೂರಿಸಿದಳು. ಕೂಸನ್ನು ತಂದು ತೊಡೆಯ ಮೇಲಿಟ್ಟಳು. ಅದು ಬೆಳಕಿಗೆ ಮುಖ ಕಿವುಚಿ, ಜನ್ಮದಲ್ಲೇ ಮೊದಲ ಸಲ ಬಿಸಿಲು ಕಂಡದ್ದಕ್ಕೋ ಏನೋ, ಒಂದು ಸೀನು ಸೀನಿತು. ಇಷ್ಟೇ ಕೂಸಿಗೆ ಅಷ್ಟು ದೊಡ್ಡ ಸೀನು! ಹುಸೇನಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೋಮಪ್ಪನೂ ನಕ್ಕ.

ತಂಗೆವ್ವ ನಗಲಿಲ್ಲ. ಹಾಲು ಒಲೆಯ ಮೇಲಿಟ್ಟವರು ಉಕ್ಕುವುದನ್ನು ಕಾಯುವಂತೆ ಅವಳು ಮಗಳ ಮುಖವನ್ನೇ ನೋಡುತ್ತಿದ್ದಳು. ಬಿಸಿಲು ನೀಲಾಳ ಹೆಗಲಿಗೆ ಬಂತು, ಕೆನ್ನೆಗೆ ಬಂತು. ಮೇಲುದುಟಿಯ ಮೇಲೆ ಬೆವರಿನ ಹನಿ ಮೂಡಿತು. ಮುಖ ಮಾತ್ರ ಒಳಗಿನ ಕೋಣೆಯಲ್ಲೇ ಉಳಿದಿತ್ತು.

"ಅವ್ವಾ," ಅಂದಳು ನೀಲಾ. "ಬಿಸಲ ಬಿತ್ತು."

"ಹೂಂ. ಬಿತ್ತವಾ."

"ನಾನೂ ಇದ ಬರ್ಲಿ ಅಂತ ಕಾಯಾಕತ್ತಿದ್ನಿ. ಇದ ಬಂದ್ರ ಸರಿ ಆಗತೇನಿ ಅಂತ ಮಾಡಿದ್ನಿ." ಅವಳು ತೊಡೆಯ ಮೇಲಿನ ಕೂಸನ್ನು ನೋಡಿದಳು, ಆಮೇಲೆ ತಾಯಿಯನ್ನು. "ಇನ್ನ ಏನ ಬರಬೇಕವ್ವಾ?"

ಹುಸೇನಮಾ ನಗು ನಿಲ್ಲಿಸಿದಳು. ಇಷ್ಟು ದಿನ ತಂಗೆವ್ವ ತಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಆ ಕತ್ತಲಲ್ಲಿ ಮಗಳೂ ಅದೇ ಮಾತಿಗೆ ಜೋತುಬಿದ್ದು ದಿನ ನೂಕಿದ್ದಳು. ಆಡಿದ್ದು ತಾನು, ನಂಬಿದ್ದು ಅವಳು.

ಒಳಗೆ ಫೋನು ಹೊಡೆದುಕೊಂಡಿತು. ಸೋಮಪ್ಪ ತಂದು ತಂಗೆವ್ವನ ಕೈಗೆ ಕೊಟ್ಟ.

"ಅತ್ತೀರ, ಇಲ್ಲೆ ಕಣ್ಣ ಕುಕ್ಕೂವಂಥಾ ಬಿಸಲ ಬಿದ್ದೈತ್ರಿ! ಅಲ್ಲೆ?"

"ಇಲ್ಲೂ ಬಿದ್ದೈತ್ರಿ."

"ಹಂಗಾರ ನೀಲಾ..." ಎಂದು ಅವನು ನಿಲ್ಲಿಸಿದ. ದನಿಯಲ್ಲಿ ನಗು ತುದಿಗಾಲಲ್ಲಿ ನಿಂತಿತ್ತು.

ನಾಲ್ಕು ದಿನ ಹೀಗೇ ಬಿಸಿಲು ಇರಲಿ, ಸರಿಹೋಗುತ್ತಾಳೆ ಎಂಬ ಮಾತು ತಂಗೆವ್ವನ ಬಾಯಿಗೆ ಬಂದೇ ಬಿಟ್ಟಿತ್ತು. ಹೇಳಿದ್ದರೆ ಅವನೂ ನಂಬುತ್ತಿದ್ದ. ನಾಲ್ಕು ದಿನ ತಾನೂ ನಂಬಿಕೊಂಡು ರೊಟ್ಟಿ ಬಡಿಯಬಹುದಿತ್ತು.

"ಮಳೀದಲ್ರಿ ಇದು," ಅಂದಳು.

"ಅಂದ್ರ? ಮತ್ತೇನ್ರಿ?"

"ಗೊತ್ತಿಲ್ರಿ. ಅಕಿ ಹುಟ್ಟಿದಾಗಿಂದ ನೋಡೇನಿ, ಆದ್ರ ಇದ ನನಗ ತಿಳೀವಲ್ದು. ನನಗ ಬರೂದೆಲ್ಲಾ ಮಾಡೇನ್ರಿ, ಮುಗೀತು. ನೀವ ಬರ್ರಿ. ಎಲ್ಲೆರ ದವಾಖಾನಿಗೆ ತೋರಸೂನು."

"ಯಾ ದವಾಖಾನಿಗ್ರಿ? ಏನಾಗೈತಿ ಅಂತ ಹೇಳೂದ್ರಿ ಡಾಕ್ಟರಗ?"

ಜ್ವರವಲ್ಲ, ನೋವಲ್ಲ, ಬಾವು ಅಲ್ಲ. ಬೆರಳಿಟ್ಟು ತೋರಿಸೋಣವೆಂದರೆ ಜಾಗವಿಲ್ಲ. ಆ ಕಡೆ ಅಂಗಡಿಯಲ್ಲಿ ಮೋಟಾರೊಂದು ಗಿರ್ರೆನ್ನುತ್ತಿದ್ದುದು ಕೇಳುತ್ತಿತ್ತು. ಅದು ನಿಂತಿತು.

"ಬರತೇನ್ರಿ," ಅಂದ ಕಲ್ಮೇಶ. "ಈಗ ಬಸ್ ಹಿಡೀತೇನಿ."

ತಂಗೆವ್ವ ಹೋಗಿ ಮಗಳ ಹತ್ತಿರ ನಿಂತಳು. ಹುಸೇನಮಾ ಯಾರೂ ಹೇಳದೆಯೇ ಕೂಸನ್ನು ಎತ್ತಿಕೊಂಡು ಎಣ್ಣೆ ತಿಕ್ಕಲು ಪಡಸಾಲೆಗೆ ಹೋದಳು.

"ನಿನ್ನ ಗಂಡ ಬರಾಕತ್ತಾರ."

"ಯಾಕ?"

"ನನಗ ತಿಳೀಲಿಲ್ಲವಾ. ಅದಕ್ಕ."

"ಅವರಿಗೆರ ತಿಳೀತೈತೇನ?"

"ಏನೋ ನನ್ನವ್ವಾ."

ನೀಲಾ ಹೊರಸಿನ ಮೇಲೆ ಒಂದು ಗೇಣು ಸರಿದು ಕೂತಳು. ತಂಗೆವ್ವ ಆ ಜಾಗದಲ್ಲಿ ಕೂತು ಮಗಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟು ಬಿಸಿಲಿನಲ್ಲೂ ಆ ಕೈ ತಣ್ಣಗಿತ್ತು. ಒಲೆಯ ಮೇಲೆ ಬೇಳೆ ಸೀಯುತ್ತಿರುವ ವಾಸನೆ ಹಿತ್ತಲಿನವರೆಗೂ ಬಂತು. ತಂಗೆವ್ವ ಏಳಲಿಲ್ಲ.